ಅವ್ವ ಕಾಶಿಯಲ್ಲಿ ಬಿಟ್ಟು ಬಂದದ್ದು

ಕಾಶಿಗೆ ಹೋದವರು ತಮಗೆ ಬಹಳ ಪ್ರಿಯವಾದದ್ದೊಂದನ್ನು ಅಲ್ಲಿ ಬಿಟ್ಟು ಬರುವುದು ನಮ್ಮ ಪದ್ಧತಿ. ಹೆಚ್ಚಿನವರು ಜಾಣರು, ಹಾಗಲಕಾಯಿ ಬಿಟ್ಟು ಬರುತ್ತಾರೆ. ನಮ್ಮ ಅವ್ವ ಮಾತ್ರ, ಚುಟ್ಟಾ ಸೇದುವ ನನ್ನನ್ನು ಬೈಯುವುದನ್ನೇ ಬಿಟ್ಟು ಬಂದಳು.

ಆಗ ನಾನು ಬಳ್ಳಾರಿ ಕಚೇರಿಯಲ್ಲಿ ಗುಮಾಸ್ತ. ಹೊಗೆಸೊಪ್ಪು ಸುತ್ತಿದ ಹೆಬ್ಬೆರಳು ಗಾತ್ರದ ಚುಟ್ಟಾ ದಿನಕ್ಕೆ ಎಂಟು ಬೇಕಿತ್ತು. ಹೊಗೆ ಎದ್ದ ಕೂಡಲೇ ಒಳಗಿನಿಂದ, "ಏ ಕೊಳ್ಳಿದೆವ್ವ! ಉಗುಳಲೇ ಅದನ್ನ!" ಎಂಬ ಕೂಗು ಬರುತ್ತಿತ್ತು. ಬಿಡಲೇಬೇಕೆಂದು ಹಲ್ಲು ಕಚ್ಚಿದ ದಿನ ಎರಡು ಹೆಚ್ಚೇ ಸೇದುತ್ತಿದ್ದೆ.

ಅವ್ವ ರೈಲಿಳಿದು ಮನೆಗೆ ಬಂದ ದಿನ ಎಂದಿನಂತೆ ಕಡ್ಡಿ ಗೀರಿದೆ. ಅವಳು ತುಟಿ ಬಿಗಿದು ಕೂತಳು.

"ಯಾಕವ್ವ, ಮೈಯಾಗ ಹುಷಾರಿಲ್ಲೇನು?"

"ಬೈಯೋದು ಬಿಟ್ಟು ಬಂದೀನಪಾ. ಅದರಷ್ಟು ಪ್ರೀತಿದು ನನಗ ಬ್ಯಾರೆ ಏನಿತ್ತು?"

ಮೊದಲ ವಾರ ನವಾಬನ ಹಾಗೆ ಸೇದಿದೆ. ಆಮೇಲೆ ಚುಟ್ಟಾ ಸಪ್ಪೆಯಾಗತೊಡಗಿತು. ಅಂಗಡಿಯವನ ಮೇಲೆ ಗುಮಾನಿ ಬಂದು, ಕಚೇರಿ ಕೆಲಸಕ್ಕೆ ಸಿರುಗುಪ್ಪಕ್ಕೆ ಹೋದಾಗ ಸಂತೆಯಲ್ಲಿ ಅತಿ ಖಾರದ ಕಟ್ಟು ತಂದೆ. ಅದೂ ಸಪ್ಪೆ. ದೇವರಮನೆಯ ಬಾಗಿಲಲ್ಲೇ ಕೂತು ಸೇದಿದೆ. ಒಣಹಾಕಿದ ಸಂಡಿಗೆಯ ಮೇಲೆ ಹೊಗೆ ಬಿಟ್ಟೆ. ಅವ್ವ ಸಂಡಿಗೆಯನ್ನು ಅತ್ತ ಸರಿಸಿದಳು, ಅಷ್ಟೇ. ನನಗೆ ನಿಜವಾಗಿ ಹೆದರಿಕೆಯಾಯಿತು. ಬೈಯುವ ಅವ್ವ ಕಾಶಿಯಿಂದ ಬಂದೇ ಇಲ್ಲವೆನಿಸಿತು.

ಮುಂದಿನ ತಿಂಗಳು ಕಚೇರಿ ಕೆಲಸಕ್ಕೇ ಕುರುಗೋಡಿಗೆ ಹೋದಾಗ ಅಲ್ಲಿನ ಗುಡಿಕಟ್ಟೆಯ ಮೇಲೆ ಚುಟ್ಟಾ ಹಚ್ಚಿ, ಅಭ್ಯಾಸಬಲದಿಂದ ಹಿಂದಕ್ಕೆ ತಿರುಗಿ ನೋಡಿದೆ. ಯಾರೂ ಕೂಗಲಿಲ್ಲ. ಇಷ್ಟು ವರ್ಷ ನನಗೆ ರುಚಿಸುತ್ತಿದ್ದದ್ದು ಆ ಕೂಗೇ ಎಂದು ಆಗ ಹೊಳೆಯಿತು. ಬರೀ ಹೊಗೆ ಯಾರಿಗೆ ಬೇಕು? ಕಟ್ಟನ್ನು ಅಲ್ಲೇ ಎಸೆದು ಬಂಡಿ ಹತ್ತಿದೆ. ಹಲ್ಲು ಕಚ್ಚುವ ಪ್ರಸಂಗವೇ ಬರಲಿಲ್ಲ.

ಸಂತೋಷಪಡುತ್ತಾಳೆಂದು ಹೇಳಿದರೆ ಅವ್ವ ಅಳುವುದೇ!

"ನೀ ಬಿಟ್ಟರ ನಾ ಬಿಟ್ಟದ್ದಕ್ಕ ಏನು ಬೆಲಿ? ಬೈಯಾಕ ಏನೂ ಇಲ್ದಾಗ ಯಾರು ಬೇಕಾದ್ರೂ ಸುಮ್ಮನಿರ್ತಾರ. ನನ್ನ ಪುಣ್ಯಾ ಕಳದೆಲ್ಲೋ!"

ಕೊನೆಗೆ ಅವಳೇ ಉಪಾಯ ಹೇಳಿದಳು: "ಹಚ್ಚಬ್ಯಾಡ. ಬರೇ ಬಾಯಾಗ ಇಟ್ಕೊಂಡು ನನ್ನ ಮುಂದ ಕುಂದ್ರು. ನಾ ತಡಕೊಂತೀನಿ."

ಹೀಗೆ ದಿನಾ ಊಟವಾದ ಮೇಲೆ ನಾನು ಹಚ್ಚದ ಚುಟ್ಟಾ ಕಚ್ಚಿಕೊಂಡು ಕೂರುವುದು, ಅವ್ವ ಎದುರಿಗೆ ತುಟಿ ಬಿಗಿದು ಪುಣ್ಯ ಕಟ್ಟಿಕೊಳ್ಳುವುದು. ಬಂದವರು ನಮ್ಮಿಬ್ಬರನ್ನೂ ನೋಡಿ ನೀರು ಕೂಡ ಕೇಳದೆ ಹೋಗುತ್ತಿದ್ದರು. ಎಷ್ಟೋ ವರ್ಷ ಇದು ತಪ್ಪಲಿಲ್ಲ.

ಕೊನೆಯ ಕಾಯಿಲೆಯಲ್ಲಿ ಅವ್ವನಿಗೆ ಮಾತು ನಿಂತಿತ್ತು. ಮೂರನೆಯ ದಿನವೂ ಊಟದ ನಂತರ ಹಾಸಿಗೆಯ ಪಕ್ಕ ಚುಟ್ಟಾ ಕಚ್ಚಿ ಕೂತೆ. ಅವಳು ಕಣ್ಣು ತೆರೆದು ಬಹಳ ಹೊತ್ತು ನನ್ನನ್ನೇ ನೋಡಿದಳು.

"ಏ ಕೊಳ್ಳಿದೆವ್ವ," ಎಂದಳು ಮೆಲ್ಲಗೆ, "ಉಗುಳಲೇ ಅದನ್ನ."

ಕಾಶಿಯ ಪುಣ್ಯವೆಲ್ಲ ಒಂದೇ ಮಾತಿಗೆ ಹೋಯಿತು. ನಾನು ಅಳುತ್ತಲೇ ಉಗುಳಿದೆ.