ಕ್ಯಾಂಪ್‌ಸೈಟಿನ ಟೀವಿಯಲ್ಲಿ ನಾನು

ಮಲೇಷ್ಯಾದ ಕ್ವಾಂತಾನ್ ಹತ್ತಿರದ ಕಡಲತೀರದ ಕ್ಯಾಂಪ್‌ಸೈಟಿನಲ್ಲಿ, ನಮ್ಮ ಟೆಂಟಿನ ಜಾಗದ ನಂಬರಿಗಾಗಿ ರಿಸೆಪ್ಷನ್ನಿನಲ್ಲಿ ಕಾಯುತ್ತಿದ್ದೆವು. ಅಕ್ಕನ ಮಗಳು ಗೋಡೆಯ ಟೀವಿಗೆ ಬೆರಳು ತೋರಿಸಿ, "ಚಿಕ್ಕಮ್ಮ, ದಟ್ಸ್ ಯೂ!" ಎಂದು ಕೂಗಿದಳು.

ಹೌದು, ನಾನೇ. ಅದೇ ದಿನ ಬೆಳಗ್ಗೆ, ಈ ಕ್ಯಾಂಪ್‌ಸೈಟ್ ನಡೆಸುವ ಕಂಪನಿಯದೇ ಇನ್ನೊಂದು ಕ್ಯಾಂಪಿನಲ್ಲಿ, ಪಹಾಂಗ್ ಹೊಳೆಯ ಪಕ್ಕ, ನೈಟಿಯ ಮೇಲೆ ಟವೆಲ್ ಹೊದ್ದು ಸ್ನಾನಕ್ಕೆ ಹೋಗುತ್ತಿದ್ದ ನಾನು. ಒಂದು ಕೈಯಲ್ಲಿ ಬಕೆಟ್, ಇನ್ನೊಂದರಲ್ಲಿ ಒಳಉಡುಪು ತುಂಬಿದ ತೆಳು ಪ್ಲಾಸ್ಟಿಕ್ ಚೀಲ. ಕೂದಲು ಕೆದರಿತ್ತು, ಬಾಯಿ ಅರ್ಧ ತೆರೆದಿತ್ತು. ಕೆಳಗೆ ಹಳದಿ ಅಕ್ಷರಗಳಲ್ಲಿ 'ಗುಡ್ ಮಾರ್ನಿಂಗ್, ಹ್ಯಾಪಿ ಕ್ಯಾಂಪರ್ಸ್!' ಸ್ವಲ್ಪ ಹೊತ್ತಿಗೆ ನಾನು ಹೋಗಿ, ಯಾರೋ ಮೀನು ಸುಡುತ್ತಿರುವ ಚಿತ್ರ ಬಂತು.

ನನ್ನ ಫೋನಿನಲ್ಲಿ ಪ್ರೊಫೈಲ್ ಚಿತ್ರದ ಜಾಗ ಖಾಲಿ. ಸೈಬರ್‌ಜಯಾದ ನಮ್ಮ ಆಫೀಸಿನಲ್ಲಿ ಯಾರದೇ ಹುಟ್ಟುಹಬ್ಬವಾದರೂ ಗ್ರೂಪ್ ಫೋಟೋ ತೆಗೆಯುವ ಕೆಲಸ ನಾನೇ ವಹಿಸಿಕೊಳ್ಳುತ್ತೇನೆ, ಅದರೊಳಗೆ ನಿಲ್ಲಬಾರದೆಂದು. ಇದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಕಾರಣ ಇರಲೇಬೇಕು ಎನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ಉಡುಪಿಯವರು, ಮೆಲಾಕಾದಲ್ಲಿ ಸರ್ಜನ್. "ಎಂತ ಮಾರಾಯ್ತಿ, ಫೇಮಸ್ ಆದಿಯಲ್ಲ! ಇನ್ನು ನಮ್ಮನ್ನೆಲ್ಲ ಮಾತಾಡಿಸ್ತೀಯಾ ಇಲ್ವಾ?"

"ಮೈ ತುಂಬಾ ಬಟ್ಟೆ ಇದೆ ಕಣೇ," ಅಂದಳು ಅಕ್ಕ. "ಈ ಊರಲ್ಲಿ ನಿನ್ನ ಗುರುತು ಯಾರಿಗಿದೆ? ಯಾರು ನೋಡ್ತಾರೆ?"

"ನಾನು ನೋಡಿದ್ನಲ್ಲ."

ಕೌಂಟರಿನ ಹಿಂದೆ ಇದ್ದ ಮ್ಯಾನೇಜರ್ ಹೆಂಗಸು ಬಹಳ ಸಭ್ಯಳು. ಫೋಟೋ ತೆಗೆದುಹಾಕಿ ಎಂದು ಕೇಳಿದೆ. "ಸೋ ನ್ಯಾಚುರಲ್ ಲಾ, ಮಿಸ್, ಎಲ್ಲರಿಗೂ ಇಷ್ಟ ಆಗಿದೆ," ಎಂದು ಮಲೇಷ್ಯಾದ ಧಾಟಿಯ ಇಂಗ್ಲಿಷಿನಲ್ಲಿ ಸಮಾಧಾನ ಹೇಳಿದಳು. ನಾನು ಮತ್ತೆ ಕೇಳಿದಾಗ ಟ್ಯಾಬ್ಲೆಟ್ ನನ್ನ ಕಡೆ ತಿರುಗಿಸಿದಳು. ಅದರಲ್ಲಿ ನಮ್ಮ ಬುಕಿಂಗ್ ಇತ್ತು. ನಾಲ್ಕು ಹೆಸರು, ನಾಲ್ಕು ಹೆಸರಿನ ಮುಂದೆಯೂ 'ನನ್ನ ಫೋಟೋ ಬಳಸಬಹುದು' ಎಂಬಲ್ಲಿ ಟಿಕ್, ಕೆಳಗೆ ಒಂದೇ ಸಹಿ. ಭಾವನದು. ಮೊದಲ ಕ್ಯಾಂಪಿನಲ್ಲಿ ನಾನು ಡಿಕ್ಕಿಯಿಂದ ಟೆಂಟ್ ಇಳಿಸುತ್ತಿದ್ದಾಗ ಹಾಕಿದ್ದು. ಒಪ್ಪಿದ ಕುಟುಂಬಕ್ಕೆ ದಾರಿಯ ಮೂರೂ ಕ್ಯಾಂಪುಗಳಲ್ಲಿ ಐಸ್ ಮತ್ತು ಸೌದೆ ಉಚಿತ.

"ಫಾರ್ಮ್ ತುಂಬುವಾಗ ಒಬ್ಬೊಬ್ಬರನ್ನೇ ಕರೆದು ಕೇಳ್ಲಿಕ್ಕೆ ಆಗ್ತದಾ?" ಅಂದರು ಭಾವ. "ಮನೆಯವರಿಗೆಲ್ಲ ನಾನೇ ಹಾಕಿದ್ದು."

"ಆಪರೇಷನ್‌ಗೆ ಮುಂಚೆ ಪೇಷೆಂಟ್ ಹತ್ರ ಸಹಿ ತಗೋತೀರಾ, ಪೇಷೆಂಟಿನ ಭಾವನ ಹತ್ರಾನಾ?"

"ಅದು ಬೇರೆ."

"ಹೇಗೆ ಬೇರೆ?"

ಅಕ್ಕ ನನ್ನ ತೋಳು ಹಿಡಿದು, "ರಜೆ ಹಾಳ್ಮಾಡ್ಬೇಡ, ಮಗು ಮುಂದೆ," ಅಂದಳು. ಹಾಳುಮಾಡಿದವರ ತೋಳನ್ನು ಅವಳು ಹಿಡಿಯಲಿಲ್ಲ.

ನನ್ನ ಪಿಯುಸಿಯ ವಿಷಯಗಳನ್ನು ಅಪ್ಪ ತುಂಬಿದ್ದರು. ಇಂಜಿನಿಯರಿಂಗ್ ಕೌನ್ಸೆಲಿಂಗಿನ ಆಯ್ಕೆಗಳನ್ನು ಚಿಕ್ಕಪ್ಪ ತುಂಬಿದ್ದರು. ಮದುವೆಯ ವೆಬ್‌ಸೈಟಿನಲ್ಲಿ ನನ್ನ ಎತ್ತರ, ನಕ್ಷತ್ರ, ಹವ್ಯಾಸಗಳನ್ನು ಇದೇ ಅಕ್ಕ ತುಂಬಿದ್ದಳು. ನನ್ನ ಹವ್ಯಾಸ ರಂಗೋಲಿ ಎಂದು ನನಗೆ ಗೊತ್ತಾಗಿದ್ದು ಅಲ್ಲಿಯೇ. ಯಾರೂ ಕೆಟ್ಟವರಲ್ಲ. ಎಲ್ಲರೂ ನನಗೆ ತೊಂದರೆ ತಪ್ಪಿಸುತ್ತಿದ್ದರು. ಅದಕ್ಕೇ ಸಿಟ್ಟನ್ನು ಯಾರ ಮೇಲೂ ಸರಿಯಾಗಿ ಇಡಲಾಗದೆ ಇಷ್ಟು ವರ್ಷ ನುಂಗಿದ್ದೆ.

ನನ್ನ ಹೆಸರಿನ ಟಿಕ್ ಒಂದನ್ನು ಮಾತ್ರ ನಾನೇ ತೆಗೆಯಬಹುದೇ ಎಂದು ಮ್ಯಾನೇಜರನ್ನು ಕೇಳಿದೆ. ಆಗುವುದಿಲ್ಲ, ಸಹಿ ಹಾಕಿದವರೇ ಪೂರ್ತಿ ಒಪ್ಪಿಗೆ ಹಿಂತೆಗೆದುಕೊಳ್ಳಬೇಕು, ಹಾಗೆ ಮಾಡಿದರೆ ಎಲ್ಲ ಕ್ಯಾಂಪಿನ ಟೀವಿಗಳಿಂದಲೂ ಫೋಟೋ ಹೋಗುತ್ತದೆ, ಐಸೂ ನಿಲ್ಲುತ್ತದೆ ಎಂದಳು. ಭಾವ, "ತೆರೆಂಗಾನುವಿನ ಕೊನೇ ಕ್ಯಾಂಪ್ ಒಂದು ಮುಗೀಲಿ, ಆಮೇಲೆ ತೆಗೆಸುವ," ಎಂದು ಹೇಳಿ ಐಸ್ ಚೀಲ ಹೆಗಲಿಗೇರಿಸಿಕೊಂಡು ಹೊರಟರು.

ಸಂಜೆ ಎಲ್ಲರೂ ಲೋಟದಲ್ಲಿ ಐಸ್ ಕುಲುಕುತ್ತಾ ನಿಂಬೆ ಪಾನಕ ಕುಡಿದರು. ನಾನು ಬೇಡವೆಂದೆ. ಒಂದು ಗಂಟೆಯ ನಂತರ ಆ ಸೆಕೆ ತಡೆಯಲಾಗದೆ ಕುಡಿದೆ. ಕುಡಿದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಪೂರ್ತಿ ಬಟ್ಟೆ ಹಾಕಿಕೊಂಡೇ ಸ್ನಾನಕ್ಕೆ ಹೋದೆ. ಟೆಂಟ್ ಮಡಚಿ, ಸಾಮಾನನ್ನೆಲ್ಲ ಡಿಕ್ಕಿಗೆ ತುಂಬಿದ ಮೇಲೆ ಕಾರಿಗೆ ಬೀಗ ಹಾಕಿ, ಕೀ ಹಿಡಿದುಕೊಂಡು ರಿಸೆಪ್ಷನ್ನಿನ ಬೆಂಚಿನ ಮೇಲೆ ಕೂತೆ. ಕಾರು ನನ್ನದು. ದೊಡ್ಡದಿದೆ ಎಂಬ ಕಾರಣಕ್ಕೇ ನನ್ನನ್ನು ಈ ಪ್ರವಾಸಕ್ಕೆ ಕರೆದಿದ್ದರು.

ಭಾವ ಬಂದರು. "ಹೊರಡುವನಾ?"

"ಸಹಿ ಹಾಕಿ, ಹೊರಡೋಣ."

"ಇದು ಬ್ಲ್ಯಾಕ್‌ಮೇಲ್."

"ಹೌದು."

ಅವರು ಅಕ್ಕನ ಕಡೆ ನೋಡಿದರು. ಅಕ್ಕ ಮಗಳ ಜಡೆ ಬಿಚ್ಚಿ ಮತ್ತೆ ಹೆಣೆಯಲು ಶುರುಮಾಡಿದಳು. ಮ್ಯಾನೇಜರ್ ಟ್ಯಾಬ್ಲೆಟ್ ಮುಂದೆ ತಳ್ಳಿದಳು. ಭಾವ ಬೆರಳಿನಿಂದ ಸಹಿ ಗೀಚಿದರು, ಗಾಜು ಒಡೆಯುವ ಹಾಗೆ.

ಅವರೆಲ್ಲ ಕಾರಿನ ಹತ್ತಿರ ಹೋದರೂ ನಾನು ಟೀವಿಯ ಮುಂದೆಯೇ ನಿಂತೆ. ಮೀನು ಸುಡುವವರು ಬಂದರು. ಹಗ್ಗ ಎಳೆಯುವ ಮಕ್ಕಳು, ಕಾಫಿ ಹೀರುವ ಮುದುಕ, ಯಾರದೋ ಮಲಗಿದ ಮಗು. ಇವರಲ್ಲಿ ಎಷ್ಟು ಜನರನ್ನು ಕೇಳಿದ್ದರೋ. ಮೀನು ಮತ್ತೆ ಬರುವವರೆಗೂ ನೋಡಿದೆ. ನಾನು ಬರಲಿಲ್ಲ.

ಕಾರಿನ ಹತ್ತಿರ ಮೂವರೂ ಬಿಸಿಲಲ್ಲಿ ನಿಂತಿದ್ದರು. ಬೀಗ ತೆಗೆದೆ. ಭಾವ ಮುಂದಿನ ಸೀಟಿನಲ್ಲಿ ಕೂತು ಬೆಲ್ಟ್ ಎಳೆದುಕೊಳ್ಳುತ್ತಾ, "ಈಗ ಸಮಾಧಾನವಾ?" ಅಂದರು.

"ಇಲ್ಲ," ಅಂದೆ. "ಅಳಿಸೋದಕ್ಕೂ ನಿಮ್ಮ ಸಹಿನೇ ಬೇಕಾಯ್ತು." ಕಾರನ್ನು ರಿವರ್ಸ್ ತೆಗೆದೆ.