ಹನುಮೇಶನ ಮಲೆಬೆನ್ನೂರು ಬಸ್ಸು

ವಿನೋಬನಗರದ ನಮ್ಮ ಹನುಮೇಶನ ಹತ್ತಿರ ಒಂದು ಕಂಪನಿ ನಡೆಸುವಷ್ಟು ಬಸ್ಸುಗಳಿವೆ, ಒಂದಕ್ಕೂ ಡೀಸೆಲ್ ಬೇಕಿಲ್ಲ. ಎಲ್ಲವೂ ಮೊಬೈಲಿನಲ್ಲಿ ಬಸ್ಸು ಓಡಿಸುವ ಗೇಮಿಗೆಂದು ಅವನೇ ಕಂಪ್ಯೂಟರಿನ ಮುಂದೆ ಕೂತು ಮಾಡಿದವು. ಗೇಮಿನ ವಿದೇಶಿ ಬಸ್ಸಿನ ಜಾಗದಲ್ಲಿ ನಮ್ಮೂರಿನ ಬಸ್ಸು ತಂದು ನಿಲ್ಲಿಸದಿದ್ದರೆ ಅವನಿಗೆ ಸಮಾಧಾನವಿಲ್ಲ. ಹರಿಹರದ ಸ್ಟ್ಯಾಂಡಿನಲ್ಲಿ ಅವನ ಜೊತೆ ನಿಂತಿರೋ, ನಿಮ್ಮ ಬಸ್ಸು ತಪ್ಪಿತೆಂದೇ ತಿಳಿಯಿರಿ: ಹಾರ್ನ್ ರೆಕಾರ್ಡ್ ಮಾಡುತ್ತಾನೆ, ಬಂಪರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಫೋಟೊ ಹೊಡೆಯುತ್ತಾನೆ, ಹರಿದ ಸೀಟಿನ ರೆಕ್ಸಿನ್ನನ್ನು ರೇಷ್ಮೆ ಸೀರೆಯಂತೆ ಮುಟ್ಟಿ ನೋಡುತ್ತಾನೆ. ಹೀಗೆ ಮಾಡಿದ ಬಸ್ಸುಗಳ ಫೈಲನ್ನು ಗೇಮ್ ಆಡುವ ಹುಡುಗರಿಗೆ ಮಾರುತ್ತಾನೆ. "ಅಣ್ಣಾ, ಪುಕ್ಸಟ್ಟೆ ಕೊಡು" ಎಂದು ಹುಡುಗರು ಮೆಸೇಜು ಹಾಕಿದರೆ ಉರಿದು ಬೀಳುತ್ತಾನೆ: "ಬಸ್ ಹತ್ತಿದ್ರೆ ಟಿಕೆಟ್ ತಗಳಲ್ವೇನ್ರೋ? ನಾನು ಕಂಡಕ್ಟರ್ ಮಗ!" ದುಡ್ಡು ಬಂದ ಮೇಲೆಯೇ ಫೈಲಿನ ಪಾಸ್‌ವರ್ಡ್. ಆದರೆ ಅವನು ಮಾಡಿದ್ದರಲ್ಲೆಲ್ಲ ಚೆಂದದ ಬಸ್ಸು, ಅವನಪ್ಪ ಸಣ್ಣತಿಮ್ಮಪ್ಪ ಕಂಡಕ್ಟರಾಗಿದ್ದ ಮಲೆಬೆನ್ನೂರಿನ ಬಸ್ಸು, ಎಲ್ಲರಿಗೂ ಬಿಟ್ಟಿ. ಯಾಕೋ ಎಂದೆ. ಪರದೆಯ ಮೇಲೆ ಡ್ರೈವರ್ ಸೀಟಿನ ಪಕ್ಕಕ್ಕೆ ಬೆರಳಿಟ್ಟ. ದಾವಣಗೆರೆಯಲ್ಲಿ ಓದುವ ಮಕ್ಕಳಿಗೆಂದು ಹಳ್ಳಿಯ ತಾಯಂದಿರು ಬಸ್ಸಿಗೆ ಕೊಟ್ಟು ಕಳಿಸುವ ಬುತ್ತಿ ಡಬ್ಬಿಗಳು ಅಲ್ಲಿದ್ದವು. ಒಂದೊಂದಕ್ಕೂ ಬೇರೆ ಬೇರೆ ಬಣ್ಣದ ಬಟ್ಟೆ ಕಟ್ಟಿದ್ದ. "ಅದ್ರಾಗ ಬುತ್ತಿ ಐತಣ್ಣ," ಎಂದ. "ಬುತ್ತಿಗೆ ಅಪ್ಪ ಯಾವತ್ತೂ ಟಿಕೆಟ್ ಹರಿದಿಲ್ಲ."