ಮೊಳೆಗೆ ತೂಗುಹಾಕಿದ ಎಡಗೈಯ ಗಡಿಯಾರ

೧೯೭೪ನೆಯ ಇಸವಿ ನವೆಂಬರ್ ೧೧, ಸೋಮವಾರ. ಶರತ್ಕಾಲದ ಕೊನೆ, ಜ್ಯೂರಾ ಬೆಟ್ಟಗಳ ನಡುವಿನ ಕೋಂಬ್‌ಗ್ರೀಸ್ ಹಳ್ಳಿಯ ಮೇಲೆ ಮಂಜು ಕವಿದು ವರ್ಷದ ಮೊದಲ ಹಿಮ ಉದುರುತ್ತಿತ್ತು. ಗಡಿಯಾರದ ಕಾರ್ಖಾನೆಯ ಪರೀಕ್ಷಕ ಯುಲಿಸ್ ಗ್ರೋಜಾನನ ಮುಂದೆ ಯಜಮಾನರು ಎರಡು ಕೈಗಡಿಯಾರಗಳನ್ನಿಟ್ಟರು. ಎರಡೂ ಕೀಲಿ ಕೊಡುವಂಥವು, ಎರಡಕ್ಕೂ ಇನ್ನೂರ ನಲವತ್ತು ಫ್ರಾಂಕ್. ಕಪ್ಪು ಮುಖದ್ದರ ವೇಗ ಹೊಂದಿಸಿದವಳು ಕ್ಲೆಮಾನ್ಸ್, ಬಿಳಿಯದರದು ಇವೆಟ್.

"ಹೊಸ ವರ್ಷದಿಂದ ಒಂದನ್ನೇ ಮಾಡೋದು. ಸೋತ ಗಡಿಯಾರದೋಳಿಗೆ ಇಲ್ಲಿ ಕುರ್ಚಿ ಇರಲ್ಲ. ಹದಿನಾಲ್ಕು ದಿನ ಕಟ್ಟಿ ನೋಡಯ್ಯ."

ಯುಲಿಸ್ ಕಪ್ಪನ್ನು ಎಡಗೈಗೂ ಬಿಳಿಯದನ್ನು ಬಲಗೈಗೂ ಕಟ್ಟಿದ. ಕಪ್ಪಿನ ಕೀಲಿ ಬೆಣ್ಣೆಯಲ್ಲಿ ತಿರುಗಿದಂತೆ. ಬಿಳಿಯದು ತುಸು ಕರಕರ. ಮುಳ್ಳುಗಳೂ ಕಪ್ಪಿನದೇ ಸ್ಪಷ್ಟ. ಆದರೆ ಕಪ್ಪು ದಿನಕ್ಕೆ ಏಳು ಸೆಕೆಂಡು ಹಿಂದೆ ಬಿತ್ತು, ಬಿಳಿಯದು ಎರಡೇ. ೨೫ರಂದು ಪರೀಕ್ಷಾ ಪುಸ್ತಕದಲ್ಲಿ ಹಾಗೆಯೇ ಬರೆದು, ಗಡಿಯಾರಗಳೊಂದಿಗೆ ಯಜಮಾನರಿಗೆ ಕೊಟ್ಟ. ೨೬ರಂದು ಕ್ಲೆಮಾನ್ಸಳಿಗೆ ನೋಟಿಸು ಬಂತು.

ಆ ಸಂಜೆ ಸೂಪು ಬಡಿಸುತ್ತ ಹೆಂಡತಿ ರೋಜ್ ಅಂದಳು: "ಅಂತೂ ಗೋಡೆ ಮೊಳೆಗೆ ನಿನ್ನೆಯಿಂದ ಮತ್ತೆ ನಿಮ್ಮ ಗಡಿಯಾರ ಬಂತು. ಹದಿನಾಲ್ಕು ರಾತ್ರಿ ಆ ಕಪ್ಪು ಗಡಿಯಾರ ನೇತಾಡ್ತಿತ್ತು. ಬಿಳೀದು ಮಾತ್ರ ಮೇಜಿನ ಮೇಲೆ ದೊರೆ ಹಾಗೆ ಮಲಗಿರ್ತಿತ್ತು."

ಚಮಚ ನಿಂತಿತು. ತನ್ನ ಗಡಿಯಾರವನ್ನು ಎಡಗೈಯಿಂದ ಬಿಚ್ಚಿ ಮೊಳೆಗೆ ತೂಗುಹಾಕಿ ಮೂವತ್ತು ವರ್ಷ ಪಳಗಿದ ಕೈ ಕೇಳದೆಯೇ ಅದನ್ನು ಮಾಡಿತ್ತು. ಮಲಗಿದ ಗಡಿಯಾರ ಮುಂದೆ ಹೋಗುತ್ತದೆ, ತೂಗುಹಾಕಿದ್ದು ಹಿಂದೆ ಬೀಳುತ್ತದೆ: ಆ ಕಣಿವೆಯಲ್ಲಿ ಹಾಲುಹಲ್ಲಿನ ಮಕ್ಕಳೂ ಬಲ್ಲರು. ಎರಡು ಗಡಿಯಾರಗಳನ್ನೂ ಕಾರ್ಖಾನೆಯಿಂದ ಮತ್ತೆ ತಂದು ಮೂರು ರಾತ್ರಿ ಮಲಗಿಸಿ ನೋಡಿದ. ಬಿಳಿಯದು ದಿನಕ್ಕೆ ಮೊದಲಿನಂತೆ ಎರಡು ಸೆಕೆಂಡು, ಕಪ್ಪು ಹಿಂದೆ ಬಿದ್ದದ್ದು ಒಂದೇ.

ಶನಿವಾರ ಕ್ಲೆಮಾನ್ಸಳ ಬಾಗಿಲು ತಟ್ಟಿದ.

"ಏನ್ ಮಾವ, ಸತ್ತೋರ ಮನೆಗೆ ಬಂದೋರ ಹಾಗೆ ಟೋಪಿ ತೆಗೆದು ನಿಂತಿದ್ದೀಯ?"

"ನಿನ್ನ ಗಡಿಯಾರ ಸೋತಿರಲಿಲ್ಲ ಕಣಮ್ಮ. ನಾನು ರಾತ್ರಿಯೆಲ್ಲ ಅದನ್ನ ಮೊಳೆಗೆ ತೂಗುಹಾಕಿಬಿಟ್ಟಿದ್ದೆ."

ಅವಳು ಬೆರಳುಗಳನ್ನೇ ನೋಡಿಕೊಂಡಳು. "ನಾಲ್ಕು ದಿನದಿಂದ ಇವನ್ನ ಬೈತಾ ಕೂತಿದ್ದೆ. ಇದನ್ನ ನನ್ನ ಹತ್ರ ಹೇಳಿದ್ರೆ ಏನ್ ಬಂತು? ಯಜಮಾನ್ರ ಹತ್ರ ಹೇಳು."

"ಸೋಮವಾರ ಹೇಳ್ತೀನಿ."

ಸೋಮವಾರ ಯಜಮಾನರ ಬಾಗಿಲವರೆಗೆ ಹೋದ. ಒಳಗಿನ ಕಪಾಟಿನಲ್ಲಿ ಅವನ ಪರೀಕ್ಷಾ ಪುಸ್ತಕಗಳಿದ್ದವು. ಮೂವತ್ತೊಂದು ವರ್ಷದಲ್ಲಿ ಒಂದಂಕಿಯನ್ನೂ ಹೊಡೆದು ತಿದ್ದಿದ್ದಿಲ್ಲ. ಹೇಳಿದರೆ ಇವೆಟಳ ಕುರ್ಚಿ ಹೋಗುತ್ತದೆಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಹಿಂದಿರುಗಿದ. ತನ್ನನ್ನು ತಡೆದದ್ದು ಇವೆಟ್ ಅಲ್ಲ, ಆ ಪುಸ್ತಕವೆಂಬುದು ಮೆಟ್ಟಿಲಿಳಿಯುವ ಮೊದಲೇ ಅವನಿಗೆ ಗೊತ್ತಿತ್ತು.

೧೯೭೪ರ ಡಿಸೆಂಬರ್ ೨೦, ಶುಕ್ರವಾರ, ಕ್ಲೆಮಾನ್ಸ್ ಕಾರ್ಖಾನೆ ಬಿಟ್ಟಳು. ಬೀಲ್ ಪಟ್ಟಣದ ಒಂದು ಬಟ್ಟೆ ಒಗೆಯುವ ಅಂಗಡಿಯಲ್ಲಿ ಒಂಬತ್ತು ವರ್ಷ ದುಡಿದಳು. ಯುಲಿಸ್ ೧೯೭೬ರಲ್ಲಿ ನಿವೃತ್ತನಾದ. ಯಜಮಾನರಿಗೆ ತಾನು ಹೇಳಲೇ ಇಲ್ಲವೆಂದು ೧೯೮೫ರ ಮಾರ್ಚ್ ೪ರಂದು ಅವಳಿಗೊಂದು ಕಾಗದ ಬರೆದ, ಉತ್ತರ ಬರಲಿಲ್ಲ. ಮೊಳೆ ಗೋಡೆಯಲ್ಲೇ ಉಳಿಯಿತು; ಅದಕ್ಕೆ ಅವನು ಮತ್ತೇನನ್ನೂ ತೂಗುಹಾಕಲಿಲ್ಲ.